ವಿದೂಷಕ ಖಾತೆ ತೆರೆದದ್ದು

"ನಮ್ಮ ಮೊಮ್ಮಗ ಪೇಪರ್ ಮುಟ್ಟೋದೇ ಇಲ್ಲ ಸ್ವಾಮಿ. ದೇಶದಲ್ಲಿ ಏನಾಗ್ತಿದೆಯೋ ಅಂದ್ರೆ ಮೊಬೈಲಿನಲ್ಲಿ ಯಾವನೋ ಕಾಮಿಡಿಯವನು ಹೇಳಿದ್ದನ್ನ ಒಪ್ಪಿಸ್ತಾನೆ," ಎಂದು ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಫಿರ್ಯಾದು ಶುರು ಮಾಡಿದರು. ಕೈಯಲ್ಲಿ ಪೈಪು. ದಾಸವಾಳದ ಗಿಡಕ್ಕೆ ಸಲ್ಲಬೇಕಾದ ನೀರು ನನ್ನ ಸ್ಕೂಟರಿನ ಸೀಟಿಗೆ ಸಲ್ಲುತ್ತಿತ್ತು.

"ನೀವು ಲಂಚಾವತಾರ ನೋಡಿದ್ರಾ ಮೇಷ್ಟ್ರೇ?"

"ಎಷ್ಟು ಸಲ ಅಂತ ಕೇಳಿ!"

"ಫೈಲು ಯಾಕೆ ಕದಲೋದಿಲ್ಲ, ಯಾರ ಮೇಜಿನ ಕೆಳಗೆ ಏನು ಸರಿದರೆ ಕದಲುತ್ತೆ ಅನ್ನೋದನ್ನ ಪೇಪರ್ ಓದಿ ಕಲಿತ್ರೋ, ಅಲ್ಲಿ ಕಲಿತ್ರೋ?"

ಮೇಷ್ಟ್ರು ನಕ್ಕುಬಿಟ್ಟರು. ಮಾಸ್ಟರ್ ಹಿರಣ್ಣಯ್ಯನವರ ಆ ನಾಟಕ ಸಾವಿರಾರು ಪ್ರದರ್ಶನ ಕಂಡದ್ದು ಬರೀ ಕಥೆಯ ಬಲದಿಂದಲ್ಲ. ಬೆಳಗಿನ ಸುದ್ದಿ ಸಂಜೆಯ ಮಾತಿನಲ್ಲಿ ಇಣುಕುತ್ತಿತ್ತು. ತಿನ್ನುವವನಿಗೆ ಬಿದ್ದ ಹಾಗೆ ಕೊಡುವ ನಮಗೂ ಬೀಳುತ್ತಿತ್ತು.

ಹಾಗಂತ ನಗಿಸುವವರೆಲ್ಲ ತಿಳಿಸುತ್ತಾರೆ ಅಂತ ನಾನು ಹೇಳೋದಿಲ್ಲ. ಮಂತ್ರಿಯ ನಡಿಗೆ, ಮೂಗು, ಇಂಗ್ಲಿಷು, ಇವನ್ನು ಅಣಕಿಸಿದರೆ ಚಪ್ಪಾಳೆ ಬರುತ್ತೆ, ಅಷ್ಟೇ. ವಿಷಯ ತಿಳಿಯಬೇಕಾದರೆ ದುಡ್ಡು ಯಾವ ಬಾಗಿಲಲ್ಲಿ ಒಳಗೆ ಬಂದು ಯಾವ ಕಿಟಕಿಯಲ್ಲಿ ಹೊರಗೆ ಹೋಯಿತು ಅನ್ನೋದನ್ನ ತೋರಿಸಬೇಕು. ಅದನ್ನ ಅಚ್ಚುಕಟ್ಟಾಗಿ ಮಾಡಿದವನು ಅಮೆರಿಕದ ಸ್ಟೀಫನ್ ಕೋಲ್ಬೇರ್.

"ಅವನ್ಯಾರು?"

ಟಿವಿಯಲ್ಲಿ ಅತಿ ಬಲಪಂಥೀಯ ವ್ಯಾಖ್ಯಾನಕಾರನ ಸೋಗು ಹಾಕಿ ನಗಿಸುತ್ತಿದ್ದವನು. ಚುನಾವಣೆಯ ಹೊತ್ತಿನಲ್ಲಿ ಎಷ್ಟು ಬೇಕಾದರೂ ಹಣ ಸುರಿಯಲು 2010ರ ಕೋರ್ಟ್ ತೀರ್ಪುಗಳು ದಾರಿ ಬಿಟ್ಟಿದ್ದವು. ಹಾಗೆ ಹಣ ಎತ್ತುವ ಸಂಸ್ಥೆಗೆ ಅಲ್ಲಿ ಸೂಪರ್ ಪ್ಯಾಕ್ ಅನ್ನುತ್ತಾರೆ. ಮುಖ್ಯ ಷರತ್ತು, ಅಭ್ಯರ್ಥಿಯ ಜೊತೆ ಒಳಒಪ್ಪಂದ ಇರಕೂಡದು. ಪೇಪರಿನವರು ಈ ಬಗ್ಗೆ ಪುಟಗಟ್ಟಲೆ ಬರೆದರು, ಜನ ಪುಟ ತಿರುವಿದರು. ಕೋಲ್ಬೇರ್ ಏನು ಮಾಡಿದ ಗೊತ್ತೇ? 2011ರಲ್ಲಿ ತಾನೇ ಚುನಾವಣಾ ಆಯೋಗಕ್ಕೆ ಅರ್ಜಿ ಹಾಕಿ, ಒಪ್ಪಿಗೆ ಪಡೆದು, ನಿಜವಾದ ಸೂಪರ್ ಪ್ಯಾಕನ್ನೇ ತೆರೆದ. ವಕೀಲನಾಗಿ ಕೂರಿಸಿಕೊಂಡದ್ದು ಟ್ರೆವರ್ ಪಾಟರ್ ಅವರನ್ನು. ಅವರು ಅದೇ ಆಯೋಗದ ಮಾಜಿ ಅಧ್ಯಕ್ಷರು!

"ಭೇಷ್!"

ಇನ್ನೂ ಕೇಳಿ. ಸೂಪರ್ ಪ್ಯಾಕಿಗೆ ಕೊಟ್ಟವರ ಹೆಸರು ಬಹಿರಂಗವಾಗಬೇಕು. ದೊಡ್ಡ ಕುಳಗಳಿಗೆ ಅದು ಒಗ್ಗುತ್ತದೆಯೇ? ಅದಕ್ಕೂ ಪಾಟರ್ ಹತ್ತಿರ ಮದ್ದಿತ್ತು. ಸಮಾಜಕಲ್ಯಾಣದ ಹೆಸರಿನಲ್ಲಿ ಇನ್ನೊಂದು ಸಂಸ್ಥೆ ಮಾಡಿದರೆ ಅದಕ್ಕೆ ಕೊಟ್ಟವರ ಹೆಸರು ಹೇಳಬೇಕಾಗಿಲ್ಲ. ಅದು ಆ ಹಣವನ್ನು ಸೂಪರ್ ಪ್ಯಾಕಿಗೆ ದಾಟಿಸಬಹುದು. ದಾನಿಗಳ ಪಟ್ಟಿಯಲ್ಲಿ ಕಾಣುವುದು ಆ ಸಂಸ್ಥೆಯ ಹೆಸರೊಂದೇ. ಕ್ಯಾಮೆರಾ ಮುಂದೆಯೇ ಕಾಗದಕ್ಕೆ ಸಹಿ ಬಿತ್ತು. ಇದಕ್ಕೂ ಕಪ್ಪು ಹಣ ಬಿಳಿ ಮಾಡೋದಕ್ಕೂ ಏನು ವ್ಯತ್ಯಾಸ ಅಂತ ಕೋಲ್ಬೇರ್ ಕೇಳಿದರೆ, ಹೇಳೋದು ಕಷ್ಟ ಅಂದರು ವಕೀಲರು.

2012ರ ಜನವರಿಯಲ್ಲಿ ಕೋಲ್ಬೇರ್ ತಾನೇ ಚುನಾವಣೆಗೆ ನಿಲ್ಲುವ ಮಾತೆತ್ತಿದ. ಅಭ್ಯರ್ಥಿಯೇ ಪ್ಯಾಕ್ ನಡೆಸುವಂತಿಲ್ಲವಲ್ಲ, ಅದನ್ನು ಗೆಳೆಯ ಜಾನ್ ಸ್ಟೀವರ್ಟ್ ಕೈಗೆ ಒಪ್ಪಿಸಿದ. ಇಬ್ಬರೂ ಸೇರಿ ಬೇಗಲ್ ಅಂಗಡಿ ಇಡಬೇಕೂಂತಿದ್ದೀವಿ, ಅಡ್ಡಿಯೇ? ವ್ಯಾಪಾರದಲ್ಲಿ ಪಾಲುದಾರಿಕೆ ಒಳಒಪ್ಪಂದ ಅನ್ನಿಸಿಕೊಳ್ಳೋದಿಲ್ಲ ಅಂದರು ಪಾಟರ್. ಕಾನೂನು ಪುಸ್ತಕದ ಮಾತೇ, ಜೋಕಲ್ಲ. ಜನ ಬಿದ್ದು ಬಿದ್ದು ನಕ್ಕರು.

"ನಕ್ಕರು, ಸರಿ. ಕಲಿತರೇ?" ಮೇಷ್ಟ್ರಿಗೆ ಪರೀಕ್ಷೆ ಇಲ್ಲದೆ ಸಮಾಧಾನವಿಲ್ಲ.

ಪರೀಕ್ಷೆಯೂ ಆಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ಕೇಂದ್ರದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚುನಾವಣಾ ಹಣದ ಬಗ್ಗೆ ಸುದ್ದಿ ವಾಹಿನಿಗಳ ವೀಕ್ಷಕರಿಗಿಂತ ಈತನ ವೀಕ್ಷಕರಿಗೇ ಹೆಚ್ಚು ತಿಳಿದಿತ್ತು.

"ಕಾನೂನು ಬದಲಾಯ್ತೇನು?"

ಇಲ್ಲ. ಸೂಪರ್ ಪ್ಯಾಕುಗಳು ಈಗಲೂ ಗಟ್ಟಿಮುಟ್ಟಾಗಿವೆ. ಇಲ್ಲಿಯೂ ನೋಡಿ, 2018ರಲ್ಲಿ ಚುನಾವಣಾ ಬಾಂಡ್ ಬಂತು. ಸ್ಟೇಟ್ ಬ್ಯಾಂಕಿನಲ್ಲಿ ಸಾವಿರ ರೂಪಾಯಿಯಿಂದ ಒಂದು ಕೋಟಿವರೆಗಿನ ಬಾಂಡ್ ಕೊಂಡು ಪಕ್ಷಕ್ಕೆ ಕೊಟ್ಟರೆ ಕೊಟ್ಟವರು ಯಾರೆಂದು ಮತದಾರನಿಗೆ ಗೊತ್ತಾಗುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಅದನ್ನು ರದ್ದು ಮಾಡಿದ್ದು ಸುಪ್ರೀಂ ಕೋರ್ಟು. ಅರ್ಜಿ ಹಾಕಿದವರು ಹಾಕಿದ್ದರಿಂದ ಆಯಿತೇ ಹೊರತು ಹಾಸ್ಯಗಾರರಿಂದಲ್ಲ. ನನ್ನ ಲೆಕ್ಕದಲ್ಲಿ ವಿದೂಷಕನ ಕೆಲಸ ಮತದಾರನಿಗೆ ದಾರಿ ತೋರಿಸುವ ತನಕ. ಆಚೆಗೂ ಅವನೇ ನಡೆಯಲಿ ಅಂದರೆ ನಾವು ಇನ್ನೇನು ಮಾಡೋದು, ಟಿಕೆಟ್ ಕೊಂಡು ಕೂರೋದೇ?

ಮೇಷ್ಟ್ರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. "ಅದಿರಲಿ, ಅವನು ಎತ್ತಿದ ಕಾಸು ಏನಾಯ್ತು?"

ಎತ್ತಿದ್ದು ಹತ್ತು ಲಕ್ಷ ಡಾಲರಿಗೂ ಮೇಲೆ. ಅಂಗಡಿ ಮುಚ್ಚುವಾಗ ಉಳಿದದ್ದನ್ನು ಪಾಟರ್ ಹೇಳಿಕೊಟ್ಟಂತೆ ಇನ್ನೊಂದು ಬೇನಾಮಿ ಸಂಸ್ಥೆಗೆ ದಾಟಿಸಿ, ಕಾನೂನಿನ ಕಣ್ಣೆದುರೇ ಮಾಯ ಮಾಡಿ ತೋರಿಸಿದ. ಆಮೇಲೆ ಹ್ಯಾಮ್ ರೋವ್ ಸ್ಮಾರಕ ನಿಧಿ ಅಂತ ಹೆಸರಿಟ್ಟು ಧರ್ಮಕಾರ್ಯಗಳಿಗೆ ಹಂಚಿದ.

"ಹ್ಯಾಮ್ ರೋವ್ ಯಾರು, ದೊಡ್ಡ ಮನುಷ್ಯನೇ?"

"ಕನ್ನಡಕ ಹಾಕಿದ ಹಂದಿ ಮಾಂಸದ ತುಂಡು ಮೇಷ್ಟ್ರೇ. ಪ್ಯಾಕಿನ ಮುಖ್ಯ ಸಲಹೆಗಾರ."

"ರಾಮ ರಾಮ! ಲೆಕ್ಕ ಆದರೂ ಕೊಟ್ಟನೋ?"

"ಕೊಟ್ಟ. 7,73,704 ಡಾಲರು, 83 ಸೆಂಟು."