ಗಡೀಪಾರು

ನಮ್ಮ ಬೀದಿಯಲ್ಲಿ ಇಲಿ ಕೊಲ್ಲುವವರು ಯಾರೂ ಇಲ್ಲ, ಎಲ್ಲರೂ ಹಿಡಿಯುವವರೇ. ಮೈಸೂರಿನ ಒಂದು ಹಳೆಯ ಬಡಾವಣೆ, ಬೀದಿಯ ತುದಿಗೆ ಗಣಪತಿ ಗುಡಿ, ಸ್ವಾಮಿಯ ಎದುರಿಗೆ ಕಲ್ಲಿನ ಮೂಷಿಕ. ಬೆಳಿಗ್ಗೆ ಅದಕ್ಕೆ ಕೈಮುಗಿದು ಬಂದು ರಾತ್ರಿ ಅದರ ಬಂಧುವಿಗೆ ಪಾಷಾಣ ಇಡುವ ಎದೆಗಾರಿಕೆ ಯಾರಿಗಿದೆ? ಹಾಗಾಗಿ ಎಲ್ಲರ ಮನೆಯಲ್ಲೂ ಬೋನು. ಸಂಜೆ ಬೋನು ಒಡ್ಡುವುದು, ಬೆಳಿಗ್ಗೆ ಬಿದ್ದದ್ದನ್ನು ಎಲ್ಲಾದರೂ ಒಯ್ದು ಬಿಟ್ಟು ಬರುವುದು. ಪೊಲೀಸರು ರೌಡಿಗಳನ್ನು ಗಡೀಪಾರು ಮಾಡುತ್ತಾರಲ್ಲ, ಅದೇ ಕ್ರಮ. ಅವರಿಗೆ ಜಿಲ್ಲೆಯ ಗಡಿ ಲೆಕ್ಕ, ನಮಗೆ ಪಕ್ಕದ ಕ್ರಾಸಿನ ತಿರುವು.

ನನ್ನ ಜಗಳವೇನಿದ್ದರೂ ಹಿತ್ತಿಲಿನದು. ಮನೆಯ ಹಿಂದಿನ ಚೂರು ಜಾಗದಲ್ಲಿ ಬದನೆ, ಬೆಂಡೆ, ಟೊಮೆಟೊ, ಹುರುಳಿಕಾಯಿ, ಒಂದು ಪಾತಿ ಗೆಣಸು. ಗೆಣಸಿನ ಬಳ್ಳಿ ಆ ವರ್ಷ ಎಷ್ಟು ಸೊಂಪಾಗಿ ಹಬ್ಬಿತ್ತೆಂದರೆ, ನೋಡಿದವರೆಲ್ಲ ‘ಸಂಕ್ರಾಂತಿಗೆ ನಮಗೂ ನಾಲ್ಕು ಕೊಡಿ’ ಎಂದು ಬುಕ್ ಮಾಡಿ ಹೋಗಿದ್ದರು. ಹಬ್ಬದ ಹಿಂದಿನ ದಿನ ಬುಡ ಕೆದಕಿದೆ. ಬಳ್ಳಿಗೆ ಗೆಣಸು ಅಂಟಿಕೊಂಡೇ ಇತ್ತು, ಆದರೆ ಎತ್ತಿದರೆ ಬರೀ ಸಿಪ್ಪೆಯ ದೊಪ್ಪೆ. ಹೆಗ್ಗಣ ಕೆಳಗಿನಿಂದ ಸುರಂಗ ಕೊರೆದು, ತಿರುಳಷ್ಟನ್ನೂ ಕೆರೆದು ತಿಂದು, ಮೇಲಿನ ಸಿಪ್ಪೆಗೆ ಹಲ್ಲು ತಾಗಿಸದೆ ಬಿಟ್ಟಿತ್ತು. ಒಳಗಡೆ ಹಲ್ಲಿನ ಗೀರುಗಳು ಜೋಡಿ ಜೋಡಿಯಾಗಿ ಕಾಣುತ್ತಿದ್ದವು. ಹಬ್ಬಕ್ಕೆ ಮಾರ್ಕೆಟ್ಟಿನ ಗೆಣಸೇ ಬೇಯಿಸಿದೆವು.

ಟೊಮೆಟೊ ವಿಷಯದಲ್ಲಿ ಇಷ್ಟು ಗುಟ್ಟಿಲ್ಲ. ನಾಳೆ ಕೀಳೋಣ ಅಂದುಕೊಂಡ ಹಣ್ಣಿಗೆ ಇವತ್ತು ರಾತ್ರಿಯೇ ಬಾಯಿ ಬೀಳುತ್ತದೆ. ಒಂದನ್ನು ಪೂರ್ತಿ ತಿಂದು ಮುಗಿಸಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮದುವೆಮನೆಯಲ್ಲಿ ಎಲ್ಲ ಸಿಹಿಯನ್ನೂ ಬಡಿಸಿಕೊಂಡು, ಒಂದೊಂದು ಚೂರು ಮುರಿದು, ಎಲೆ ತುಂಬ ಬಿಟ್ಟು ಏಳುವ ನೆಂಟರ ಹಾಗೆ ಪ್ರತಿ ಹಣ್ಣಿಗೂ ಒಂದೊಂದು ಬಾಯಿ. ಇನ್ನು ಹುರುಳಿಕಾಯಿ ಬೀಜವನ್ನು ನಾನು ಹಗ್ಗ ಹಿಡಿದು ಸಾಲಾಗಿ ಊರಿದ್ದೆ. ಬೆಳಿಗ್ಗೆ ನೋಡಿದರೆ ಸಾಲು ತಪ್ಪದೆ ಗುಳಿಗಳು. ಅದಕ್ಕೆ ಹಗ್ಗವೂ ಬೇಕಾಗಿರಲಿಲ್ಲ.

ನಮ್ಮತ್ತೆಯ ಪ್ರಕಾರ ಇಲಿಗೆ ಕನ್ನಡ ಬರುತ್ತದೆ. ಬೋನು, ಪಾಷಾಣ ಎಂಬ ಮಾತನ್ನು ಮನೆಯೊಳಗೆ ಆಡಬಾರದು. ಆಡಿದರೆ ಕೇಳಿಸಿಕೊಂಡು ಆ ರಾತ್ರಿ ಬರುವುದಿಲ್ಲ, ಬಂದರೂ ಆಡಿದವರ ಬಟ್ಟೆಯನ್ನೇ ಹುಡುಕಿ ಕಡಿಯುತ್ತದೆ. ಒಂದು ಸಂಜೆ ನಮ್ಮವರು ಹಾಲ್‌ನಿಂದಲೇ ಕೂಗಿದರು, “ಏನೇ, ಇವತ್ತು ಬೋನು ಇಡೋದಾ?”

ಅತ್ತೆ ದೇವರಮನೆಯಿಂದ ಈಚೆ ಬಂದರು. “ಮೆತ್ತಗೆ ಮಾತಾಡೋ. ಅದಕ್ಕೆ ಕೇಳಿಸುತ್ತೆ.”

“ಕೇಳಿಸಿದ್ರೆ ಕೇಳಿಸಲಿ ಬಿಡಮ್ಮ. ಅದಕ್ಕೇನು ನೋಟಿಸ್ ಕೊಡ್ಬೇಕಾ?”

“ಈಗ ಕೊಟ್ಟ ಹಾಗೇ ಆಯ್ತಲ್ಲ.”

ಅಂದಿನಿಂದ ನಮ್ಮನೆಯಲ್ಲಿ ಬೋನಿಗೆ ‘ಡಬ್ಬಿ’ ಅಂತಲೂ ಹೆಗ್ಗಣಕ್ಕೆ ‘ಅವರು’ ಅಂತಲೂ ಹೆಸರಾಯಿತು. ‘ಅವರಿಗೆ ಡಬ್ಬಿ ರೆಡಿ ಮಾಡಿದ್ಯಾ?’ ಎಂದು ಇವರು ದಿನಾ ರಾತ್ರಿ ಕೇಳುವುದನ್ನು ಕೇಳಿ, ಮಹಡಿಯ ಬಾಡಿಗೆ ಹುಡುಗ ನಮ್ಮ ಮನೆಯಲ್ಲಿ ಯಾರೋ ನೈಟ್ ಡ್ಯೂಟಿಗೆ ಹೋಗುವವರಿದ್ದಾರೆಂದು ತಿಳಿದಿದ್ದನಂತೆ.

ಅತ್ತೆಯ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ದಿನಾ ಓಡಾಡುವ ದಾರಿಯಲ್ಲಿ ನಿನ್ನೆ ಇಲ್ಲದ ಪೆಟ್ಟಿಗೆ ಇವತ್ತು ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತದೆ. ಅದಕ್ಕೇ ಬೋನಿನ ಬಾಗಿಲನ್ನು ತಂತಿಯಿಂದ ಬಿಗಿದು, ತೆರೆದೇ ಇಟ್ಟು, ಕೆಲವು ರಾತ್ರಿ ಸುಮ್ಮನೆ ಊಟ ಹಾಕಬೇಕು. ನಂಬಿಕೆ ಬಂದ ಮೇಲೆ ತಂತಿ ಬಿಚ್ಚಬೇಕು. ಹೊಲದಲ್ಲಿ ಜಿಂಕ್ ಫಾಸ್ಫೈಡ್ ಇಡುವ ರೈತರೂ ಹೀಗೆಯೇ ಮೊದಲು ವಿಷವಿಲ್ಲದ ಕಾಳು ಇಟ್ಟು ರುಚಿ ಹತ್ತಿಸುತ್ತಾರೆ. ಇದನ್ನು ಓದುವಾಗ ನಿಮಗೆ ಚುನಾವಣೆ ನೆನಪಾದರೆ ನಾನು ಹೊಣೆಯಲ್ಲ.

ಊಟ ಅಂದರೆ ಸುಟ್ಟ ಕೊಬ್ಬರಿ ಚೂರು. ಅದನ್ನು ಮೀರಿಸಿದ ಆಮಿಷ ನಾನು ಕಂಡಿಲ್ಲ. ಇವರು ಮಾತ್ರ ಈರುಳ್ಳಿ ಬೋಂಡವೇ ಆಗಬೇಕೆನ್ನುತ್ತಾರೆ. ಒಂದು ಬೋಂಡಕ್ಕೆಂದು ಹೋದವರು ಒಂದು ಪೊಟ್ಟಣ ಕಟ್ಟಿಸಿಕೊಂಡು ಬರುತ್ತಾರೆ, ಬೋನಿಗೆ ಬೀಳುವುದು ಕೊನೆಯ ಅರ್ಧ. ಡಾಕ್ಟರು ಕರಿದದ್ದು ಬೇಡ ಅಂದದ್ದು ಇಲಿಗಲ್ಲ.

ಅಂಗಡಿಯವನು ವಿಷದ ಕೇಕು ತೋರಿಸಿದ್ದುಂಟು. ಬ್ರೊಮಾಡಿಯೊಲೋನ್ ಅದರ ಹೆಸರು, ರಕ್ತ ಹೆಪ್ಪುಗಟ್ಟದಂತೆ ಮಾಡುವುದು ಅದರ ಗುಣ. ತಿಂದದ್ದು ಆಗಲೇ ಸಾಯುವುದಿಲ್ಲ. ಕೆಲವು ದಿನ ಓಡಾಡಿಕೊಂಡಿದ್ದು, ಆಮೇಲೆ ಅಟ್ಟದ ಮೇಲೋ ಬೀರುವಿನ ಹಿಂದೆಯೋ ಮಲಗಿಬಿಡುತ್ತದೆ. ವಾಸನೆ ಹಿಡಿದು ಅದನ್ನು ಹುಡುಕುವ ಕೆಲಸ ಮನೆಯಲ್ಲಿ ಯಾರದೆಂದು ಹೇಳಬೇಕಾಗಿಲ್ಲ. ಮೇಲಾಗಿ ಆ ಇಲಿಯನ್ನು ತಿಂದ ಗೂಬೆಗೂ ಬೆಕ್ಕಿಗೂ ವಿಷ ಏರುತ್ತದೆ. ಬೆಂಡೆಕಾಯಿ ಉಳಿಸಲು ಹೋಗಿ ಗೂಬೆಯನ್ನು ಕೊಲ್ಲುವುದು ಬೇಡವೆನಿಸಿತು. ಅಂಟಿನ ಹಲಗೆಯ ಸುದ್ದಿಯೂ ಬೇಡ. ಅದಕ್ಕೆ ಸಿಕ್ಕಿಕೊಂಡ ಜೀವ ರಾತ್ರಿಯಿಡೀ ಕಿರುಚುವುದನ್ನು ಒಮ್ಮೆ ಕೇಳಿದವರು ಎರಡನೇ ಸಲ ತರುವುದಿಲ್ಲ.

ಬೆಕ್ಕು ಸಾಕಿ ಎನ್ನುವವರಿಗೆ ಹೆಗ್ಗಣದ ಅಳತೆ ಗೊತ್ತಿಲ್ಲ. ದೊಡ್ಡದು ಒಂದು ಕಿಲೋ ತೂಗುತ್ತದೆ. ಪಕ್ಕದ ಮನೆ ಬೆಕ್ಕು ಕಾಂಪೌಂಡಿನ ಮೇಲಿಂದ ಅದನ್ನು ನೋಡುತ್ತದೆ, ಅದು ಕೆಳಗಿನಿಂದ ಬೆಕ್ಕನ್ನು ನೋಡುತ್ತದೆ, ಆಮೇಲೆ ಇಬ್ಬರೂ ಅವರವರ ಕೆಲಸಕ್ಕೆ ಹೋಗುತ್ತಾರೆ.

ಕೆಲಸ ಬಲ್ಲವನೊಬ್ಬ ತಾನಾಗಿಯೇ ಬಂದಿದ್ದ. ಮಳೆಗಾಲದಲ್ಲಿ ಬದನೆ ಪಾತಿಯ ಬಿಲದ ಬಾಯಲ್ಲಿ ಮಾರುದ್ದದ ಕೇರೆ ಹಾವು ಕಾಣಿಸಿಕೊಂಡಿತು. ವಿಷವಿಲ್ಲ, ಇಲಿಯೇ ಮುಖ್ಯ ಊಟ, ಸಂಬಳ ಕೇಳುವುದಿಲ್ಲ. ಆದರೆ ಬೀದಿಗೆ ಬೀದಿಯೇ ನಮ್ಮ ಹಿತ್ತಿಲಲ್ಲಿ ಸೇರಿ ಹಾವು ಹಿಡಿಯುವವನಿಗೆ ಫೋನು ಮಾಡಿಸಿತು. ಅವನು ಬಂದು ನೋಡಿ, “ಕೇರೆ ಹಾವು ಸಾರ್, ಏನೂ ಮಾಡಲ್ಲ, ಇರಲಿ ಬಿಡಿ” ಎಂದ. ಯಾರು ಕೇಳುತ್ತಾರೆ? ಚೀಲಕ್ಕೆ ಹಾಕಿಸಿ ಕಳಿಸಿದ ಮೇಲೆಯೇ ಜನ ಕದಲಿದ್ದು. ಕಳ್ಳರನ್ನು ಪಕ್ಕದ ಕ್ರಾಸಿಗೆ ಅಟ್ಟುವ ನಾವು ಪೊಲೀಸನನ್ನು ಕಾಡಿಗೇ ಅಟ್ಟಿದೆವು.

ನ್ಯಾಯದ ಮಾತು ಬಂದಾಗ ಅಳಿಲಿನ ಹೆಸರು ಎತ್ತದೆ ಇರಲಾರೆ. ಕುಲ ನೋಡಿದರೆ ಅದೂ ಇಲಿಯ ಬಳಗವೇ. ಸಾಯುವ ತನಕ ಬೆಳೆಯುವ ಅದೇ ಬಾಚಿಹಲ್ಲು, ಸವೆಸಲು ಏನನ್ನಾದರೂ ಕಡಿಯುತ್ತಲೇ ಇರಬೇಕು. ಹೆಗ್ಗಣವಾದರೂ ಕತ್ತಲಾಗಲಿ ಎಂದು ಕಾಯುತ್ತದೆ, ಇದು ಹಾಡಹಗಲೇ ಟೊಮೆಟೊ ಕಿತ್ತು, ಕಾಂಪೌಂಡಿನ ಮೇಲೆ ಕೂತು, ಎರಡು ಕೈಯಲ್ಲಿ ಹಿಡಿದು ತಿನ್ನುತ್ತದೆ. ಅತ್ತೆ ಅದಕ್ಕೆ ಕಡಲೆಕಾಯಿ ಬೇರೆ ಇಡುತ್ತಾರೆ. ಬೆನ್ನ ಮೇಲೆ ರಾಮನ ಬೆರಳಿನ ಗುರುತಿದೆಯಲ್ಲ! ಸೇತುವೆಗೆ ಹಿಡಿ ಮರಳು ಹೊತ್ತ ಪುಣ್ಯ ಇನ್ನೂ ಖರ್ಚಾಗಿಲ್ಲ. ಗಣಪತಿಯನ್ನೇ ಹೊತ್ತವನಿಗೆ ಬೋನು.

ನಮ್ಮ ಕ್ರಾಸಿಗೂ ಹಿಂದಿನ ಕ್ರಾಸಿಗೂ ನಡುವೆ ಒಂದು ಖಾಲಿ ಸೈಟಿದೆ. ಆಳೆತ್ತರ ಲಂಟಾನ, ಯಾರೋ ಮನೆ ಕೆಡವಿ ಸುರಿದ ಇಟ್ಟಿಗೆ ರಾಶಿ, ರಾತ್ರೋರಾತ್ರಿ ಬಂದು ಬೀಳುವ ಕಸದ ಚೀಲಗಳು. ಒಂದು ನಸುಕಿನಲ್ಲಿ ನಾನು ಬೋನಿಗೆ ಹಳೇ ಟವೆಲ್ ಹೊದಿಸಿಕೊಂಡು ಅಲ್ಲಿಗೆ ಹೋದರೆ, ಎದುರಿಗೆ ಹಿಂದಿನ ಕ್ರಾಸಿನ ರಿಟೈರ್ಡ್ ಮೇಷ್ಟ್ರು. ಕೈಯಲ್ಲಿ ದಪ್ಪನೆಯ ಚೀಲ.

“ಏನಮ್ಮ, ಇಷ್ಟು ಬೇಗ ವಾಕಿಂಗಾ?”

“ಹೂಂ ಮೇಷ್ಟ್ರೇ. ತಾವೂ?”

“ನಾನೂ ಅಷ್ಟೇ.”

ಅವರ ಚೀಲದೊಳಗಿಂದ ಏನೋ ಕರಕರ ಅಂದಿತು. ನನ್ನ ಟವೆಲ್ಲಿನೊಳಗಿಂದ ಅದಕ್ಕೆ ಉತ್ತರ ಹೋಯಿತು. ಇನ್ನು ಮುಚ್ಚಿಡುವುದೇನು? ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಟವೆಲ್ ಎತ್ತಿ ಬಗ್ಗಿ ನೋಡಿದರು. ಒಳಗಿದ್ದವರ ಬಾಲದ ತುದಿ ತುಂಡಾಗಿತ್ತು.

“ಅಯ್ಯೋ, ಇದು ನಮ್ಮನೇದಲ್ವೇನಮ್ಮ! ಮೊನ್ನೆ ತಾನೇ ಇಲ್ಲಿ ಬಿಟ್ಟು ಹೋಗಿದ್ದೆ.”

ಅವರ ಚೀಲದಲ್ಲಿದ್ದದ್ದು ಯಾರೆಂದು ನೋಡಲು ನನಗೆ ಧೈರ್ಯ ಬರಲಿಲ್ಲ.

ಆಶ್ಚರ್ಯಪಡುವಂಥದ್ದೇನಿಲ್ಲ. ಊಟ ಹತ್ತಿರದಲ್ಲೇ ಸಿಕ್ಕರೆ ಇಲಿ ಬಿಲದಿಂದ ಹೆಚ್ಚು ದೂರ ಹೋಗುವುದಿಲ್ಲ. ಮಲಗಲು ಇಟ್ಟಿಗೆ ರಾಶಿ, ಈ ಕಡೆ ನನ್ನ ಟೊಮೆಟೊ, ಆ ಕಡೆ ಮೇಷ್ಟ್ರ ಹೀರೆಕಾಯಿ. ಎರಡೂ ಕಡೆಯವರು ಬೋಂಡ ಕೊಟ್ಟು, ಚೀಲದಲ್ಲಿ ಕೂರಿಸಿಕೊಂಡು, ಮತ್ತೆ ಮನೆಗೇ ತಂದುಬಿಡುತ್ತಿದ್ದೆವು.

ಇಲಿಗಳೇ ನಮ್ಮನ್ನು ಗಡೀಪಾರು ಮಾಡಿದ ಕಾಲವೂ ಒಂದಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಇವತ್ತು ಅಲ್ಲಿ ಮನೆಯಿದೆ ಎಂದು ಎದೆಯುಬ್ಬಿಸಿ ಹೇಳುವವರು ಇಲಿಗೊಂದು ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿಲ್ಲ. ಪ್ಲೇಗು ಹೋದರೂ ಇಲಿ ಜ್ವರ ಇದೆ, ಇಲಿಯ ಮೂತ್ರ ಸೇರಿದ ನೀರು ಕೆಸರಿನಿಂದ ಅದು ಅಂಟುತ್ತದೆ. ಹಾಗಾಗಿ ಒದ್ದೆ ಪಾತಿಗೆ ಬರಿಗಾಲಲ್ಲಿ ಇಳಿಯುವುದನ್ನು ಬಿಟ್ಟಿದ್ದೇನೆ. ಕಚ್ಚಿದ ಟೊಮೆಟೊವನ್ನು ‘ಅಷ್ಟು ಭಾಗ ತೆಗೆದು ಸಾರಿಗೆ ಹಾಕು’ ಎನ್ನುವ ಅತ್ತೆಯ ಉಳಿತಾಯವೂ ನಿಂತಿದೆ.

ಈಗ ಗೆಣಸಿನ ಪಾತಿಯ ತಳಕ್ಕೂ ಸುತ್ತಲೂ ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಹೂತಿದೆ. ಟೊಮೆಟೊವನ್ನು ಬಣ್ಣ ತಿರುಗುವಾಗಲೇ ಕಿತ್ತು ಅಡುಗೆಮನೆಯಲ್ಲಿ ಹಣ್ಣು ಮಾಡುತ್ತೇನೆ. ಹುರುಳಿಕಾಯಿ ಬೀಜವನ್ನು ಮಹಡಿ ಮೇಲೆ ಟ್ರೇಯಲ್ಲಿ ಮೊಳೆಯಿಸಿ, ಎಲೆ ಬಿಟ್ಟ ಮೇಲೆ ಕೆಳಗೆ ನೆಡುತ್ತೇನೆ. ಗೊಬ್ಬರದ ಗುಂಡಿಗೆ ಮುಚ್ಚಳ ಬಂದಿದೆ. ಬೋನು ಅಟ್ಟ ಸೇರಿದೆ, ಬೋಂಡ ನಿಂತದ್ದಕ್ಕೆ ಇವರಿಗೆ ಮಾತ್ರ ಬೇಜಾರು.

ಆ ಸೈಟಿನ ಒಡೆಯರು ಬೆಂಗಳೂರಿನಲ್ಲಿದ್ದಾರೆ ಎಂದು ಕೆಲವರು, ಅಮೆರಿಕದಲ್ಲಿದ್ದಾರೆ ಎಂದು ಕೆಲವರು ಹೇಳುತ್ತಾರೆ. ಓದುಗರಲ್ಲಿ ಯಾರಾದರೂ ಬೆಲೆ ಏರಲಿ ಎಂದು ಹೀಗೆ ಸೈಟು ಕೊಂಡು ಬಿಟ್ಟಿದ್ದರೆ ದಯವಿಟ್ಟು ವರ್ಷಕ್ಕೆರಡು ಸಲ ಪೊದೆ ಕಡಿಸಿ, ಇಟ್ಟಿಗೆ ರಾಶಿ ತೆಗೆಸಿ. ಅಲ್ಲಿ ಬಿಟ್ಟಿ ಸಂಸಾರ ಹೂಡಿರುವ ನಿಮ್ಮ ಬಾಡಿಗೆದಾರರ ಊಟದ ಖರ್ಚನ್ನು ಎರಡು ಕ್ರಾಸಿನವರು ಹೊರುತ್ತಿದ್ದೇವೆ.