ರಿಸರ್ವಿಗೆ ಬಿತ್ತು

ಹೊಸ ಬೈಕು ಮನೆ ಮುಂದೆ ನಿಂತರೆ ನಮ್ಮ ಕಡೆ ಅದರ ಚೆಂದ ನೋಡುವವರು ಕಡಿಮೆ. ಹಾರ ಬಾಡುವ ಮುಂಚೆಯೇ ಪಕ್ಕದ ಮನೆಯವರ ಪ್ರಶ್ನೆ ಬಂದಿರುತ್ತದೆ: "ಎಷ್ಟು ಕೊಡುತ್ತೆ?" ಹಸು ಕೊಂಡವನನ್ನೂ ಹೀಗೇ ಕೇಳುತ್ತಾರೆ. ಅಲ್ಲಿ ಲೀಟರು ಹೊರಗೆ ಬರುತ್ತದೆ, ಇಲ್ಲಿ ಒಳಗೆ ಹೋಗುತ್ತದೆ, ಅಷ್ಟೇ. ಉತ್ತರವನ್ನು ಮಾತ್ರ ನಂಬಬೇಡಿ. ಸಂಬಳ ಕೇಳಿದರೆ ಇಳಿಸಿ ಹೇಳುವ ಗಂಡಸು ಮೈಲೇಜ್ ಕೇಳಿದರೆ ಏರಿಸಿಯೇ ಹೇಳುತ್ತಾನೆ.

ನಮಗೆ ಈ ಗೀಳು ಹಚ್ಚಿದ್ದು 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100. ಅದಕ್ಕೆ ಮುಂಚೆ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಿದ್ದವು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು, ಕುಡಿದದ್ದರಲ್ಲಿ ಒಂದಿಷ್ಟನ್ನು ಉರಿಸದೆಯೇ ಸೈಲೆನ್ಸರಿನಿಂದ ಹೊರಗೆ ಬಿಡುವುದು ಟೂ ಸ್ಟ್ರೋಕಿನ ಹುಟ್ಟುಗುಣ. ಹೊಸದು ಫೋರ್ ಸ್ಟ್ರೋಕ್, ಮಿತಾಹಾರಿ. ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದಿತು ಜಾಹೀರಾತು. ಜನ ಎಷ್ಟು ಶ್ರದ್ಧೆಯಿಂದ ಮರೆತರೆಂದರೆ, ಮತ್ತೆ ತುಂಬಿಸುವುದನ್ನೂ ಮರೆತರು.

ಮರೆವಿಗೆ ಮದ್ದಾಗಿ ಇದ್ದದ್ದು ರಿಸರ್ವ್. ಅದೇನೋ ಬೇರೆ ಡಬ್ಬಿಯಲ್ಲಿ ಎತ್ತಿಟ್ಟ ಪೆಟ್ರೋಲ್ ಎಂದು ಇಂದಿಗೂ ನಂಬಿದವರಿದ್ದಾರೆ. ಟ್ಯಾಂಕ್ ಒಂದೇ. ಒಳಗೆ ಒಂದು ಪುಟ್ಟ ಕೊಳವೆ ಎದ್ದು ನಿಂತಿರುತ್ತದೆ. ಟ್ಯಾಂಕಿನಡಿಯ ಕಾಕ್ 'ಆನ್'ನಲ್ಲಿದ್ದಾಗ ಆ ಕೊಳವೆಯ ತುದಿಯಿಂದ ಪೆಟ್ರೋಲ್ ಇಳಿಯುತ್ತದೆ, 'ರಿಸರ್ವ್'ಗೆ ತಿರುಗಿಸಿದರೆ ತಳದ ತೂತಿನಿಂದ. ಇಂಜಿನ್ ಕೆಮ್ಮಲು ಶುರುವಾದೊಡನೆ, ಗಾಡಿ ನಿಲ್ಲಿಸದೆ, ಎಡಗೈಯನ್ನು ಮೊಣಕಾಲಿನ ಸಂದಿಗೆ ಇಳಿಸಿ ಕಾಕ್ ತಿರುಗಿಸುವುದು ಒಂದು ಕಲೆ. ಹಿಂದೆ ಕೂತ ಹೆಂಡತಿಗೆ ಗೊತ್ತಾಗದಂತೆ ತಿರುಗಿಸುವುದು ಮಹಾಕಲೆ. ಬಂಕಿಗೆ ಹೋಗಿ ಬಂದಮೇಲೆ ಅದನ್ನು ವಾಪಸು ತಿರುಗಿಸದ ಪುಣ್ಯಾತ್ಮರೂ ಉಂಟು. ಮುಂದಿನ ಸಲ ಕೆಮ್ಮಿದಾಗ ತಿರುಗಿಸಲು ಅವರಿಗೆ ಏನೂ ಉಳಿದಿರುತ್ತಿರಲಿಲ್ಲ.

ಆಗ ಕೊನೆಯ ಅಸ್ತ್ರ, ಗಾಡಿ ವಾಲಿಸುವುದು. ನೋಡಿದವರಿಗೆ ಮೂಢನಂಬಿಕೆ ಅನ್ನಿಸಬಹುದು, ಆದರೆ ಲೆಕ್ಕ ಸರಿಯಿದೆ. ಟ್ಯಾಂಕ್ ಚಾಸಿಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತದೆ, ಕಾಕ್ ಒಂದೇ ಮಗ್ಗುಲಲ್ಲಿ. ಆಚೆ ಮಗ್ಗುಲಲ್ಲಿ ಸಿಕ್ಕಿಕೊಂಡದ್ದು ವಾಲಿಸಿದಾಗ ಈಚೆ ಬರುತ್ತದೆ. ಇಷ್ಟು ವಿಜ್ಞಾನ ಬಲ್ಲವರೇ ಬಂಕಿನಲ್ಲಿ ನೂರರ ಬದಲು ನೂರಹತ್ತು ರೂಪಾಯಿಗೆ ಹಾಕಿಸಿ, ಮೋಸ ತಪ್ಪಿತೆಂದು ಮುಗುಳ್ನಗುತ್ತಾರೆ. ಅದಕ್ಕೆ ಯಾವ ಲೆಕ್ಕವೂ ಇಲ್ಲ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂತು. ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು, ಕಾಕ್ ಮಾಯವಾಯಿತು. ಈಗ ಕಣ್ಣೆದುರೇ ದೀಪ ಮಿನುಗುತ್ತದೆ. ಇನ್ನೆಷ್ಟು ಕಿಲೋಮೀಟರ್ ಎಂದು ಕೆಲವು ಬೈಕುಗಳು ಅಂಕಿಯನ್ನೇ ತೋರಿಸುತ್ತವೆ. ಆ ಅಂಕಿ ಈವರೆಗೆ ಓಡಿದ ರಸ್ತೆಯ ಲೆಕ್ಕ; ಮುಂದೆ ಏರು ಇದೆಯೆಂದು ಅದಕ್ಕೇನು ಗೊತ್ತು? ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಇಳಿಯುವ ಹಳಬರೂ ಕೇಳಿಸಿಕೊಳ್ಳಲಿ: ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಷನ್ ಗಾಡಿ ಸಾಮಾನ್ಯವಾಗಿ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲೇ ಖರ್ಚು, ಜೊತೆಗೆ ಬ್ರೇಕಿಗೂ ದಂಡ.

ಇನ್ನೊಂದು ಮಾತು. ಈ ಗಾಡಿಗಳ ಪಂಪು ಟ್ಯಾಂಕಿನೊಳಗೇ ಕೂತಿರುತ್ತದೆ, ಅದನ್ನು ತಣ್ಣಗಿಡುವುದೂ ಪೆಟ್ರೋಲೇ. ತೀರ್ಥಹಳ್ಳಿಯಲ್ಲಿ ದೀಪ ಮಿನುಗಿದರೆ ಹೆಬ್ರಿಯಲ್ಲಿ ನೋಡಿಕೊಳ್ಳೋಣ ಅನ್ನಬೇಡಿ, ತೀರ್ಥಹಳ್ಳಿಯಲ್ಲೇ ಹಾಕಿಸಿ.