ಮಾಡೋಣ, ನೋಡೋಣ

ಶಾಲೆ ಶುರುವಾಗುವ ಹೊತ್ತಿಗೆ ನಾನು ಇಬ್ಬರಾಗುತ್ತೇನೆ. ಶಾಲೆಯಲ್ಲಿರುವವಳು ಬಲು ಒಳ್ಳೆಯವಳು. ಪ್ರಾರಂಭೋತ್ಸವದ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಒಂದನೇ ಕ್ಲಾಸಿಗೆ ಬಂದ ಚಿಳ್ಳೆಪಿಳ್ಳೆಗಳ ಕೈಗೆ ಹೂ ಕೊಟ್ಟು, ಅಳುವವರ ಮೂಗು ಒರೆಸಿ, ಸೊಂಟದ ಮೇಲೆ ಕೂರಿಸಿಕೊಂಡೇ ಬಿಸಿಯೂಟದ ಪಾಯಸ ಬಡಿಸುತ್ತಾಳೆ. ದನಿ ಏರಿಸಿದ್ದನ್ನು ಕಂಡವರಿಲ್ಲ. ಮನೆಯಲ್ಲಿರುವವಳ ಕಥೆ ಬೇರೆ. ಅದೇ ದಿನ ಬೆಳಿಗ್ಗೆ ಏಳೂವರೆಗೆ ಮಗನ ಒಂಟಿ ಸಾಕ್ಸ್ ಸಿಗಲಿಲ್ಲವೆಂದು ಅವಳು ಕೂಗಿದ ಕೂಗಿಗೆ ಎದುರುಮನೆಯವರಿಗೆ ತಮ್ಮ ಕುಕ್ಕರಿನ ವಿಷಲ್ ಕೇಳಿಸದೆ ಬೇಳೆ ಸೀದು ಹೋಯಿತು.

ನಾನು ನಲಿ-ಕಲಿ ಟೀಚರ್. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು, ಅವರವರ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತುತ್ತಾರೆ. ಮಕ್ಕಳು ನೆಲದ ಮೇಲೆ, ಟೀಚರೂ ನೆಲದ ಮೇಲೆ. ಮಕ್ಕಳು ಮೆಟ್ಟಿಲು ಹತ್ತುವುದು ಸುಲಭ. ಟೀಚರ್ ನೆಲದಿಂದ ಏಳುವುದು ಕಷ್ಟ ಎಂಬುದು ನನ್ನ ಮಂಡಿಗಳ ಅಭಿಪ್ರಾಯ.

ಮೊದಲ ವಾರಗಳಲ್ಲಿ ಪಾಠಕ್ಕಿಂತ ಮನಸ್ಸು ಕೂಡಿಸುವ ಕೆಲಸವೇ ಹೆಚ್ಚು. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು. ತರಗತಿಯ ನಿಯಮಗಳನ್ನು ಮಕ್ಕಳ ಬಾಯಿಂದಲೇ ಹೊರಡಿಸಬೇಕು. ಅವುಗಳಲ್ಲಿ ‘ಬಾರದು’ ಬರಬಾರದು. ‘ಓಡಬಾರದು’ ಅಂದರೆ ಮಗುವಿನ ಕಾಲಿಗೆ ಓಡುವುದೊಂದೇ ನೆನಪಾಗುತ್ತದೆ. ಅದಕ್ಕೇ ‘ನಿಧಾನವಾಗಿ ನಡೆಯೋಣ’. ‘ಕಿರುಚಬಾರದು’ ಅಲ್ಲ, ‘ಮೆಲ್ಲಗೆ ಮಾತಾಡೋಣ’. ಇದನ್ನು ಬರೆಯುವಾಗ ಎರಡನೇ ಕ್ಲಾಸಿನ ಒಬ್ಬ ಎದ್ದುನಿಂತ. “ಮಿಸ್, ‘ಓಣ’ ಅಂದ್ರೆ ನೀವೂನಾ?”

“ಹೂಂ ಕಣೋ, ನಾನೂನೂವೆ.”

ಎಲ್ಲರೂ ಬಣ್ಣದಲ್ಲಿ ಹೆಬ್ಬೆಟ್ಟು ಒತ್ತಿದರು. ಎಲ್ಲಕ್ಕಿಂತ ದೊಡ್ಡ ನೀಲಿ ಹೆಬ್ಬೆಟ್ಟು ನನ್ನದು. ವಾರ ಕಳೆಯುವುದರಲ್ಲಿ ಕೋಣೆ ಹದಕ್ಕೆ ಬಂತು. ನಾನು ಎರಡು ಚಪ್ಪಾಳೆ ತಟ್ಟಿದರೆ ಮಕ್ಕಳು ಮೂರು ತಟ್ಟಿ ಸುಮ್ಮನಾಗುತ್ತಿದ್ದರು. ಇಪ್ಪತ್ತೆಂಟು ಮಕ್ಕಳಿಗೆ ಒಗ್ಗಿದ್ದು ನಾಲ್ಕು ಜನಕ್ಕೆ ಒಗ್ಗುವುದಿಲ್ಲವೇ ಎಂಬ ದುರ್ಬುದ್ಧಿ ಹುಟ್ಟಿದ್ದು ಆಗಲೇ.

ಶನಿವಾರ ಸಂಜೆ ಇವರು ಆಫೀಸಿನಿಂದ ಬರುವಾಗ ಬಾಗಿಲಲ್ಲಿ ನಿಂತು ನಗುತ್ತಾ ಕೇಳಿದೆ: “ನಮಸ್ಕಾರವೋ, ಕೈಕುಲುಕೋದೋ, ಚಪ್ಪಾಳೆಯೋ? ನಿಮಗೆ ಯಾವುದಿಷ್ಟ?”

ಇವರು ಮೆಟ್ಟಿಲ ಮೇಲೇ ನಿಂತರು. “ಎಷ್ಟು ಬೇಕು ಹೇಳಿಬಿಡು.”

ಭಾನುವಾರ ದೋಸೆ ಆದಮೇಲೆ ಎಲ್ಲರನ್ನೂ ಹಾಲಿನಲ್ಲಿ ದುಂಡಗೆ ಕೂರಿಸಿದೆ. ಅತ್ತೆ ಮಾತ್ರ ಕುರ್ಚಿ ಬಿಡಲಿಲ್ಲ. ಎರಡು ಚಪ್ಪಾಳೆ ತಟ್ಟಿದೆ. ಅತ್ತೆ ಕಿಟಕಿಯತ್ತ ನೋಡಿ, “ಹಪ್ಪಳಕ್ಕೆ ಕಾಗೆ ಬಂತೇನಮ್ಮಾ?” ಅಂದರು. ವಿಷಯ ತಿಳಿಸಿದ ಮೇಲೆ, “ನಮ್ಮ ಕಾಲದಲ್ಲಿ ಛಡಿ ಚಂ ಚಂ, ವಿದ್ಯೆ ಘಂ ಘಂ” ಎಂದು ನಿಟ್ಟುಸಿರಿಟ್ಟರು.

“ಈಗ ಹಂಗೆಲ್ಲ ಮಾಡೋ ಹಾಗಿಲ್ಲ ಅತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಮಕ್ಕಳಿಗೆ ಹೊಡೆಯೋ ಹಾಗೂ ಇಲ್ಲ, ಮಾನಸಿಕ ಹಿಂಸೆ ಕೊಡೋ ಹಾಗೂ ಇಲ್ಲ.”

ಪೇಪರಿನ ಹಿಂದಿನಿಂದ ಇವರ ದನಿ ಬಂತು. “ಆ ಕಾಯ್ದೆ ಗಂಡಂದಿರಿಗೂ ಬರುತ್ತಾ?”

ನಾನು ಮೆಲ್ಲಗೆ, ನಗುತ್ತಲೇ, ಹಲ್ಲು ಕಚ್ಚಿಕೊಂಡು ಮುಂದುವರಿಸಿದೆ. ‘ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆಯಬಾರದು’ ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದದ್ದು ‘ಟವೆಲನ್ನು ತಂತಿಗೆ ಹಾಕೋಣ’ ಆಯಿತು. ‘ತಟ್ಟೆ ಅಲ್ಲೇ ಬಿಟ್ಟೇಳಬೇಡ’ ಎಂಬುದು ‘ತಟ್ಟೆ ತೊಳೆದಿಡೋಣ’ ಆಯಿತು. ಎಲ್ಲರೂ ತಲೆಯಾಡಿಸಿದರು. ಇಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮನೆಯಲ್ಲಿ ‘ಓಣ’ದ ವ್ಯಾಕರಣವೇ ಬೇರೆ. ಶಾಲೆಯಲ್ಲಿ ‘ಕಸ ಹೆಕ್ಕೋಣ’ ಅಂದರೆ ಇಪ್ಪತ್ತೆಂಟು ಬೆನ್ನು ಬಾಗುತ್ತವೆ. ಮನೆಯಲ್ಲಿ ‘ತಟ್ಟೆ ತೊಳೆಯೋಣ’ ಅಂದರೆ ತೊಳೆಯುವವಳು ಒಬ್ಬಳು, ಉಳಿದವರದು ಬರಿ ‘ಓಣ’. ಮರುದಿನ ಹಾಸಿಗೆಯ ಮೇಲೆ ಟವೆಲ್ ಎಂದಿನಂತೆ ಪವಡಿಸಿತ್ತು. “ಹಾಕೋಣ ಅಂತ ತಾನೇ ಬರೆದಿರೋದು? ನೀನು ಬರಲಿ ಅಂತ ಕಾಯ್ತಿದ್ದೆ” ಅಂದರು ಇವರು. ಮಗ ಇನ್ನೂ ಜಾಣ. ಯಾವ ನಿಯಮ ತೋರಿಸಿದರೂ ಅವನದು ಒಂದೇ ಉತ್ತರ: “ನೋಡೋಣ.” ಕನ್ನಡದ ಮನೆಗಳಲ್ಲಿ ‘ನೋಡೋಣ’ ಎಂದರೆ ಏನರ್ಥವೆಂದು ಸೈಕಲ್ಲಿಗಾಗಿ ಎರಡು ವರ್ಷ ಕಾದ ಅವನಿಗೆ ನಾನೇ ಕಲಿಸಿದ್ದು.

ಬರಿ ನಿಯಮ ಸಾಲದು, ಜವಾಬ್ದಾರಿ ಹಂಚಬೇಕು ಅಂದುಕೊಂಡೆ. ನಮ್ಮ ಶಾಲಾ ಸಂಸತ್ತಿನ ಮಾದರಿಯಲ್ಲೇ ಮಂತ್ರಿಮಂಡಲ ರಚಿಸಿದೆ. ಮಗ ಸ್ವಚ್ಛತಾ ಮಂತ್ರಿ, ಇವರು ನೀರಾವರಿ ಮಂತ್ರಿ, ಮೂರನೇ ಕ್ಲಾಸಿನ ಮಗಳು ಹವಾಮಾನ ಮಂತ್ರಿ. ಮೂವತ್ತು ವರ್ಷ ಈ ಮನೆಯಲ್ಲಿ ಏಕಪಕ್ಷದ ಸರ್ಕಾರ ನಡೆಸಿದ ಅತ್ತೆ, ವಿರೋಧ ಪಕ್ಷದ ನಾಯಕಿಯ ಸ್ಥಾನವನ್ನು ಕೇಳಿ ಪಡೆದರು. ಶಾಲೆಯಲ್ಲಿ ಟೀಚರಿಗೆ ಖಾತೆ ಇರುವುದಿಲ್ಲವಲ್ಲ, ನಾನೂ ಆರಾಮಾಗಿ ಕೂತೆ. ಆಹಾರ ಖಾತೆಯನ್ನು ಯಾರೂ ವಹಿಸಿಕೊಂಡಿಲ್ಲವೆಂದು ತಿಳಿದದ್ದು ರಾತ್ರಿ ಎಂಟೂವರೆಗೆ, ಐದು ಖಾಲಿ ತಟ್ಟೆಗಳ ಮುಂದೆ. ಹೆಚ್ಚುವರಿ ಹೊಣೆ ಎಂದು ನಾನೇ ಪ್ರಮಾಣವಚನ ಸ್ವೀಕರಿಸಿ ಉಪ್ಪಿಟ್ಟು ಕೆದಕಿದೆ.

ಮೂರನೇ ದಿನ ಮೋಟಾರ್ ಆಫ್ ಮಾಡಲು ಮರೆತು ಟ್ಯಾಂಕ್ ಉಕ್ಕಿ ಬೀದಿಗೆ ಹೊಳೆ ಹರಿಯಿತು. ನೀರಾವರಿ ಮಂತ್ರಿ ಒಂಚೂರೂ ಅಳುಕದೆ, “ಒಳಹರಿವು ಜಾಸ್ತಿಯಿತ್ತು, ಹೊರಹರಿವು ಅನಿವಾರ್ಯವಾಯ್ತು” ಎಂದರು. ವಿರೋಧ ಪಕ್ಷ ರಾಜೀನಾಮೆ ಕೇಳಿತು. ಆಮೇಲೆ ಮಂತ್ರಿ ಸ್ವಂತ ಮಗನೆಂದು ನೆನಪಾಗಿ, “ಪಾಪ, ಅವನಿಗೆ ಆಫೀಸಲ್ಲಿ ಎಷ್ಟು ತಲೆಬಿಸಿಯೋ” ಎಂದು ಕಲಾಪದಿಂದ ಮಾತನ್ನು ಹಿಂದಕ್ಕೆ ಪಡೆಯಿತು.

ಕೊನೆಗೆ ಉಳಿದದ್ದು ಹವಾಮಾನ ಖಾತೆಯೊಂದೇ. ನಲಿ-ಕಲಿ ಕೋಣೆಯಲ್ಲಿ ಮಕ್ಕಳು ದಿನವೂ ಹೊರಗೆ ಇಣುಕಿ ಬಿಸಿಲು, ಮೋಡ, ಮಳೆ ಯಾವುದೆಂದು ನಕ್ಷೆಯಲ್ಲಿ ಗುರುತಿಸುತ್ತಾರೆ. ಅಂಥದ್ದೇ ಒಂದನ್ನು ಫ್ರಿಜ್ಜಿಗೆ ಅಂಟಿಸಿದ್ದೆ. ಮಗಳು ಒಂದು ದಿನವೂ ತಪ್ಪಿಸದೆ ತುಂಬುತ್ತಿದ್ದಳು. ಇವರು ಬೆಳಿಗ್ಗೆ ಅದನ್ನು ನೋಡಿಯೇ ಎರಡನೇ ಕಾಫಿ ಕೇಳುತ್ತಿದ್ದರು. ಅತ್ತೆಯೂ ಸ್ನಾನಕ್ಕೆ ಹೋಗುವ ಮುನ್ನ “ಇವತ್ತು ಹೆಂಗಿದೆಯೇ?” ಎಂದು ಮೊಮ್ಮಗಳನ್ನು ಕೇಳುತ್ತಿದ್ದರು. ಒಂದಾದರೂ ಯೋಜನೆ ಫಲಿಸಿತಲ್ಲ ಎಂದು ಹಿಗ್ಗಿ ಹತ್ತಿರ ಹೋಗಿ ನೋಡಿದೆ. ಸೋಮವಾರ ಗುಡುಗು. ಮಂಗಳವಾರ ಗುಡುಗು, ಮಿಂಚು. ಬುಧವಾರ, ನಾನು ಅತ್ತೆಯ ಜೊತೆ ಮಾತು ಬಿಟ್ಟ ದಿನ, ದಟ್ಟ ಮೋಡ. ಗುರುವಾರ, ಸಂಬಳ ಬಂದ ದಿನ, ಹಲ್ಲು ಕಿರಿಯುವ ಸೂರ್ಯ.

“ಈ ವಾರ ಒಂದು ಹನಿಯೂ ಬಿದ್ದಿಲ್ಲವಲ್ಲೇ!” ಅಂದೆ.

“ಇದು ಹೊರಗಿನದಲ್ಲ ಅಮ್ಮಾ, ಒಳಗಿನದು.”

ಗಂಟಲವರೆಗೆ ಗುಡುಗು ಬಂತು. ಮಗಳ ಕೈ ಆಗಲೇ ಕಪ್ಪು ಕ್ರೇಯಾನಿನತ್ತ ಹೊರಟಿತ್ತು. ಶಾಲೆಯ ಗೋಡೆಯ ಮೇಲಿನ ನೀಲಿ ಹೆಬ್ಬೆಟ್ಟು ನೆನಪಾಗಿ ಉಗುಳು ನುಂಗಿದೆ. ಮೆಲ್ಲಗೆ, ನಲಿ-ಕಲಿಯ ದನಿಯಲ್ಲೇ ಹೇಳಿದೆ: “ಪುಟ್ಟಿ, ಇದನ್ನ ಇಲ್ಲಿಂದ ತೆಗೆದುಬಿಡೋಣ.”

ಅವಳು ಕ್ರೇಯಾನ್ ಕೆಳಗಿಡದೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು.

“ನೋಡೋಣಮ್ಮ.”